ಬೇಹಿನ ಚಾವಡಿ

ಗುಂಡ್ಲುಪೇಟೆಯಲ್ಲಿ ನಮ್ಮ ಅಜ್ಜಿಗೆ ಬರುತ್ತಿದ್ದ ಕಾಗದಗಳನ್ನು ಓದಿ ಹೇಳುತ್ತಿದ್ದವರು ಮನೆಯವರಲ್ಲ, ಟಪಾಲಿನವರು. ಅಜ್ಜಿಗೆ ಅಕ್ಷರ ಬಾರದು. ಮೊಮ್ಮಕ್ಕಳಾದ ನಾವು ಓದಬಲ್ಲವರಾಗಿದ್ದರೂ ಆಕೆಗೆ ನಮ್ಮ ಮೇಲೆ ಭರವಸೆ ಇರಲಿಲ್ಲ. "ಮಕ್ಕಳ ಬಾಯ್ಲಿ ಮಾತು ನಿಲ್ಲಾದಿಲ್ಲ" ಎನ್ನುವಳು. ಟಪಾಲಿನವರು ಜಗಲಿಯ ಮೇಲೆ ಕುಳಿತು, ಒಂದು ಲೋಟ ಮಜ್ಜಿಗೆ ಕುಡಿದು, ಆಮೇಲೆ ತಗ್ಗಿದ ದನಿಯಲ್ಲಿ ಓದುವರು. ಓದಿ ಮುಗಿದೊಡನೆ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಆಕೆಯ ಕೈಗಿತ್ತು, ಏನನ್ನೂ ಅರಿಯದವರಂತೆ ಸೈಕಲ್ಲೇರಿ ಹೊರಟುಬಿಡುವರು. ನಮ್ಮ ಚಿಕ್ಕತ್ತೆಯ ಸಂಸಾರದ ಕಷ್ಟ ಇಡೀ ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಅವರಿಂದಾಚೆಗೆ ಅದು ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಅಜ್ಜಿ ಒಲೆ ಹಚ್ಚಲಿಲ್ಲ.

ಇಷ್ಟು ಹಳೆಯ ಮಾತನ್ನು ಈಗ ತೆಗೆಯುವುದಕ್ಕೆ ಕಾರಣವಾದ ಒಂದು ಪ್ರಸಂಗವುಂಟು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಓದುಗರು ನನ್ನೊಡನೆ ಮುನ್ನೂರೈವತ್ತು ವರ್ಷ ಹಿಂದಕ್ಕೆ ಬರಬೇಕು. ಊರು ಮಾತ್ರ ಅದೇ.

ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿತ್ತು. ಅಲ್ಲಿನ ಪರವಾಸುದೇವರ ಗುಡಿಯನ್ನು ಕಟ್ಟಿಸಿದವರು ಮೈಸೂರಿನ ಚಿಕ್ಕದೇವರಾಜ ಒಡೆಯರು. ತಮ್ಮ ತಂದೆಯ ನೆನಪಿಗಾಗಿ ಕಟ್ಟಿಸಿದರೆಂದು ಹೇಳುತ್ತಾರೆ. ಊರಿನಿಂದ ಊಟಿಯ ರಸ್ತೆ ಹಿಡಿದು ಕೆಲವು ಮೈಲಿ ಹೋದರೆ ಹಂಗಳ ಸಿಗುತ್ತದೆ. ಇಂದು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ತಿರುಗುವ ಊರು. ಪಟ್ಟಕ್ಕೆ ಬರುವ ಮುನ್ನ ಚಿಕ್ಕದೇವರಾಜರನ್ನು ರಾಜಧಾನಿಯಿಂದ ದೂರವಿರಿಸಿ ಕಾವಲಿನಲ್ಲಿಟ್ಟದ್ದು ಈ ಹಂಗಳದಲ್ಲಿ. ಜೊತೆಯಲ್ಲಿದ್ದವನು ಎಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಅರಸು ಕೈಗೆ ಬಂದಾಗ ಆತನೇ ಮಂತ್ರಿಯಾದನು. ೧೬೮೬ರಲ್ಲಿ ಕೊಲೆಯಾಗಿ ಸತ್ತನು.

ಕನ್ನಡ ಪಾಠ ಹೇಳುವ ನಮ್ಮಂಥವರಿಗೆ ಚಿಕ್ಕದೇವರಾಜರೆಂದರೆ ತಿರುಮಲಾರ್ಯ, ಚಿಕುಪಾಧ್ಯಾಯ, ಎಳಂದೂರಿನ ಸಂಚಿಯ ಹೊನ್ನಮ್ಮ. 'ಹದಿಬದೆಯ ಧರ್ಮ'ದ ಬಗ್ಗೆ ಪರೀಕ್ಷೆಗೆ ಬರುವ ಐದು ಅಂಕದ ಪ್ರಶ್ನೆ. ಅವರು ಕವಿಗಳನ್ನು ಸಾಕಿದ ಅರಸರೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಮಾಡಿಕೊಂಡು ಬಂದವನು. ಆದರೆ ಬೊಕ್ಕಸ ತುಂಬಿಸುವುದರಲ್ಲಿ ಅವರಿಗಿದ್ದ ಶ್ರದ್ಧೆಗಾಗಿ ಜನ ಅವರನ್ನು ನವಕೋಟಿ ನಾರಾಯಣನೆಂದೂ ಕರೆದರು. ಆ ತೆರಿಗೆಯ ಭಾರಕ್ಕೆ ರೈತರು ತಿರುಗಿಬಿದ್ದು ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರೆಂದೂ, ಆ ದಂಗೆಯನ್ನು ನಂಜನಗೂಡಿನ ಬಳಿ ಜಂಗಮರ ರಕ್ತದಲ್ಲಿ ಮುಳುಗಿಸಲಾಯಿತೆಂದೂ ವಿಲ್ಕ್ಸ್ ಬರೆದಿದ್ದಾನೆ. ಅವನ ವಿವರಗಳನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇರಲಿ.

ಈ ಅರಸರ ಹೆಸರಿನೊಡನೆ ಬಿಡಿಸಲಾಗದಂತೆ ಸೇರಿಕೊಂಡಿರುವ ಇನ್ನೊಂದು ಸಂಸ್ಥೆ ಮೈಸೂರು ಅಂಚೆ. ಅದು ೧೬೭೨ರಲ್ಲಿ ಹುಟ್ಟಿತೆಂದು ಬಹಳ ಪುಸ್ತಕಗಳಲ್ಲಿ ಕಾಣುತ್ತದೆ. ಅರಸರು ಪಟ್ಟವೇರಿದ್ದೇ ೧೬೭೩ರಲ್ಲಿ ಎಂದು ಹಯವದನರಾಯರ ಲೆಕ್ಕ. ಹಾಗಾದರೆ ಪಟ್ಟಕ್ಕೆ ಮೊದಲೇ ಅಂಚೆ ಹೇಗೆ ಹೊರಟಿತೆಂದು ಯಾರಾದರೂ ಕೇಳಬಹುದು. ಹಳೆಯ ಇತಿಹಾಸಕಾರರು ಪಟ್ಟದ ವರ್ಷವನ್ನೇ ೧೬೭೨ ಎಂದು ಎಣಿಸಿದ್ದರು. ಒಂದರ ಲೆಕ್ಕ ತಿದ್ದಿಕೊಂಡಿತು, ಇನ್ನೊಂದರದು ಹಾಗೆಯೇ ಉಳಿಯಿತು.

ಅಂಚೆ ಎಂಬ ಮಾತಿನ ಬಗ್ಗೆಯೂ ಒಂದು ಸ್ವಾರಸ್ಯವಿದೆ. ಹಂಸ ಶಬ್ದದ ತದ್ಭವ ಅಂಚೆ. ನಳನ ಮಾತನ್ನು ದಮಯಂತಿಗೆ ಒಯ್ದದ್ದು ಹಂಸ. ಆದ್ದರಿಂದ ಕಾಗದ ಒಯ್ಯುವ ಏರ್ಪಾಡಿಗೆ ಅಂಚೆಯೆಂದು ಹೆಸರಾಯಿತು ಎಂದು ಹೇಳುವವರುಂಟು. ಕೇಳಲು ಸೊಗಸಾಗಿದೆ. ತಮಿಳಿನಲ್ಲಿ ಟಪಾಲಿಗೆ ಅಂಜಲ್ ಎನ್ನುತ್ತಾರೆ, ತಿರುವಾಂಕೂರಿನವರೂ ತಮ್ಮ ಟಪಾಲನ್ನು ಅಂಚಲ್ ಎಂದೇ ಕರೆದರು. ಆದಕಾರಣ ಹಂಸದ ಮಾತನ್ನು ಪೂರ್ತಿ ನಂಬಲು ನನಗೆ ಧೈರ್ಯವಿಲ್ಲ. ಆದರೂ ತರಗತಿಯಲ್ಲಿ ಹೇಳದೆ ಬಿಟ್ಟಿಲ್ಲ. ದಮಯಂತಿಯ ಹಂಸಕ್ಕೆ ಒಂದು ಗುಣವಿತ್ತು: ಯಾರು ಕೊಟ್ಟ ಮಾತನ್ನು ಯಾರಿಗೆ ತಲುಪಿಸಬೇಕೋ ಅವರಿಗೆ ತಲುಪಿಸಿತು, ನಡುವೆ ಇಳಿದು ಇನ್ನಾವ ಅರಮನೆಯಲ್ಲೂ ಕಾಳು ತಿನ್ನಲಿಲ್ಲ.

ಮೈಸೂರಿನ ಅಂಚೆ ಹಾಗಿರಲಿಲ್ಲ. ವಿಲ್ಕ್ಸ್ ಮೈಸೂರಿನ ದರಬಾರಿನಲ್ಲಿ ರೆಸಿಡೆಂಟನ ಕೆಲಸ ಮಾಡಿದವನು. ದಕ್ಷಿಣ ಭಾರತದ ಚರಿತ್ರೆಯ ಅವನ ಮೊದಲ ಸಂಪುಟ ೧೮೧೦ರಲ್ಲಿ ಹೊರಬಂತು. ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿದ್ದಾಗ ಸೆರೆಯಾಳಾಗಿ ಬಂದ ನೆಪೋಲಿಯನ್ನನನ್ನೂ ಕಂಡ ಮನುಷ್ಯ. ಮೈಸೂರಿನ ಅಂಚೆಯನ್ನು ಕುರಿತು ಆತ ಹೇಳುವುದರ ಸಾರಾಂಶವಿಷ್ಟು: ಈ ಟಪಾಲು ಸುದ್ದಿಯನ್ನು ಒಯ್ಯುವ ಸಾಧನವಷ್ಟೇ ಆಗಿರಲಿಲ್ಲ, ಸುದ್ದಿಯನ್ನು ಸಂಪಾದಿಸುವ ಸಾಧನವೂ ಆಗಿತ್ತು, ಅಂಚೆಯ ಮುಖ್ಯಸ್ಥರು ಅರಮನೆಯ ಆಪ್ತರು, ಅವರ ಕೈಕೆಳಗಿನವರು ಗೂಢಚಾರರೆಂದೇ ಬಹಿರಂಗವಾಗಿ ಗೊತ್ತಿದ್ದವರು, ತಾವಿದ್ದ ಸೀಮೆಯಲ್ಲಿ ಗುಟ್ಟಾಗಿ ನಡೆದುದನ್ನೆಲ್ಲ ಕ್ರಮವಾಗಿ ಮೇಲಕ್ಕೆ ಬರೆದು ಕಳಿಸುವುದು ಅವರ ಕರ್ತವ್ಯ. ಈ ಏರ್ಪಾಡನ್ನು ಹೈದರನು ಇನ್ನಷ್ಟು ಬಲಪಡಿಸಿದನು. ಅವನ ಕಾಲಕ್ಕೆ ಅದು ಜನರನ್ನು ನಡುಗಿಸುವ ಆಯುಧವಾಯಿತು.

ಇದನ್ನು ಪರದೇಶಿಯೊಬ್ಬನ ಅಪವಾದವೆಂದು ತಳ್ಳಿಹಾಕೋಣವೆಂದರೆ ನಮ್ಮ ಭಾಷೆಯೇ ಸಾಕ್ಷಿ ಹೇಳುತ್ತದೆ. ಚಿಕ್ಕದೇವರಾಜರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅಠಾರಾ ಕಚೇರಿಯೆಂದು ಅದಕ್ಕೆ ಹೆಸರು. ಅದರಲ್ಲಿ ನಿರೂಪದ ಚಾವಡಿ, ಸುಂಕದ ಚಾವಡಿ, ಮುಂದೆ ಅಮೃತಮಹಲಾದ ಬೆಣ್ಣೆ ಚಾವಡಿ ಎಲ್ಲವೂ ಉಂಟು. ಸುದ್ದಿ ಸಾಗಿಸುವ ಚಾವಡಿಯ ಹೆಸರು ಬೇಹಿನ ಚಾವಡಿ. ಬೇಹು ಎಂದರೆ ಗೂಢಚರ್ಯೆ. ಕಾಗದ ಒಯ್ಯುವವನಿಗೂ ಮನೆಯ ಗುಟ್ಟು ಕದಿಯುವವನಿಗೂ ಒಂದೇ ಚಾವಡಿ, ಒಂದೇ ಸಂಬಳ. ಹೆಸರನ್ನು ಮುಚ್ಚಿಡಬೇಕೆಂದು ಕೂಡ ಅಂದಿನವರಿಗೆ ತೋರಲಿಲ್ಲ. ಆ ಮಟ್ಟಿಗೆ ಅವರು ನಮಗಿಂತ ಪ್ರಾಮಾಣಿಕರು.

ಇಲ್ಲಿ ಒಂದು ಸೂಕ್ಷ್ಮವಿದೆ. ಅರಗಿನ ಮುದ್ರೆ ಒಡೆದು ಕಾಗದ ಓದುವ ಗೋಜಿಗೆ ಬೇಹುಗಾರ ಯಾವಾಗಲೂ ಹೋಗಬೇಕಾಗಿಲ್ಲ. ಹದಿನಾಡಿನ ಪಾಳೆಯಗಾರ ತೆರಕಣಾಂಬಿಯ ವರ್ತಕನಿಗೆ ಒಂದೇ ತಿಂಗಳಲ್ಲಿ ಐದು ಓಲೆ ಕಳಿಸಿದನೆಂದಿಟ್ಟುಕೊಳ್ಳಿ. ಒಳಗೇನಿದೆಯೆಂದು ತಿಳಿಯದಿದ್ದರೂ ಅರಮನೆಗೆ ಬೇಕಾದುದು ತಿಳಿದಂತಾಯಿತು. ಯಾರು ಯಾರಿಗೆ, ಎಷ್ಟು ಸಲ, ಎಷ್ಟು ಹೊತ್ತಿನಲ್ಲಿ ಎಂಬ ಹೊರಮೈಯೇ ಬಹುಪಾಲು ಕಥೆ ಹೇಳಿಬಿಡುತ್ತದೆ. ಈಗ ನಾವೆಲ್ಲ ಕೈಯಲ್ಲಿ ಹಿಡಿದು ಓಡಾಡುವ ವಾಟ್ಸ್ಯಾಪಿನ ಸಂದೇಶಗಳು ೨೦೧೬ರಿಂದ ಬೀಗಮುದ್ರೆಯೊಳಗೇ ಹೋಗುತ್ತವೆ, ಕಳಿಸಿದವನೂ ಪಡೆದವನೂ ಬಿಟ್ಟು ಒಯ್ಯುವ ಕಂಪನಿಗೂ ಓದಲು ಬಾರದು ಎಂದು ಹೇಳುತ್ತಾರೆ, ಅದು ನಿಜವೇ. ಆದರೆ ಲಕೋಟೆಯ ಹೊರಮೈ ಅವರಿಗೆ ಕಾಣುತ್ತದೆ. ಅಂಚೆಗೆ ಕಾಸು ಕೊಡದೆ ಪುಕ್ಕಟೆಯಾಗಿ ಕಾಗದ ಹೋಗುತ್ತಿದೆಯೆಂದರೆ ಕಾಸನ್ನು ಇನ್ನಾರೋ ಇನ್ನಾವುದಕ್ಕೋ ಕೊಡುತ್ತಿದ್ದಾರೆಂದು ನಮ್ಮ ಅಜ್ಜಿಯಂಥ ಲೆಕ್ಕದ ಹೆಂಗಸಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಟಪಾಲಿನಲ್ಲಿ ಲೀನವಾಯಿತು. ಚಾವಡಿ ಹೋಯಿತು, ಬೇಹು ಹೋಗಲಿಲ್ಲ. ಕಾಗದ ತಡೆದು ನೋಡುವ ಅಧಿಕಾರವನ್ನು ೧೮೯೮ರ ಕಾಯಿದೆ ಸರಕಾರಕ್ಕೆ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ಅದೇ ಕಾಯಿದೆ ನಡೆಯಿತು. ೧೯೮೬ರಲ್ಲಿ ಆ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಮಸೂದೆ ಪಾರ್ಲಿಮೆಂಟಿನ ಎರಡು ಸಭೆಗಳಲ್ಲೂ ಪಾಸಾಗಿ ರಾಷ್ಟ್ರಪತಿ ಜೈಲ್ ಸಿಂಗರ ಮೇಜಿಗೆ ಹೋಯಿತು. ಅವರು ಅಂಕಿತ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ; ಸುಮ್ಮನೆ ಇಟ್ಟುಕೊಂಡರು. ೨೦೦೨ರಲ್ಲಿ ಅದನ್ನು ವಾಪಸು ಪಡೆಯಲಾಯಿತು. ಈಗ ೧೮೯೮ರ ಕಾಯಿದೆಯ ಬದಲಿಗೆ ೨೦೨೩ರ ಅಂಚೆ ಕಾಯಿದೆ ಬಂದಿದೆ. ೨೦೨೪ರ ಜೂನ್ ೧೮ರಿಂದ ಜಾರಿಯಲ್ಲಿದೆ. ತಡೆದು ನೋಡುವ ಅಧಿಕಾರ ಅದರಲ್ಲೂ ಇದೆ. ಕಾಗದದ ಮಾತು ಹಾಗಿರಲಿ, ಟೆಲಿಫೋನಿನ ಮಾತೂ ಬಂತು. ಕದ್ದಾಲಿಕೆಯ ಆರೋಪದ ನಡುವೆ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ೧೯೮೮ರಲ್ಲಿ ರಾಜೀನಾಮೆ ಕೊಟ್ಟದ್ದನ್ನು ಹಿರಿಯರು ಇನ್ನೂ ಮರೆತಿಲ್ಲ.

ಇದು ಅರಸರ ಬೇಹಿನ ಕಥೆ. ಕಳ್ಳರ ಬೇಹಿನದು ಬೇರೆ. ಅದಕ್ಕೆ ನಮ್ಮ ಸಾಹಿತ್ಯದಲ್ಲಿ 'ಮುದ್ರಾಮಂಜೂಷ'ಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. ೧೮೨೩ರಲ್ಲಿ ಕೆಂಪುನಾರಾಯಣನು ಬರೆದ ಗದ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ತಮ್ಮ ತಂದೆ ಹುಟ್ಟಿದ ಅರಿಕುಠಾರವೆಂಬ ಊರಿಗೆ ೧೮೧೮ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, ಚಾಮರಾಜೇಶ್ವರನ ಗುಡಿ ಕಟ್ಟಿಸಿದವರೂ ಅವರೇ. ಕೆಂಪುನಾರಾಯಣನ ಕಥೆಯ ಮೂಲದಲ್ಲಿರುವುದು ವಿಶಾಖದತ್ತನ ಮುದ್ರಾರಾಕ್ಷಸ. ಆ ನಾಟಕದಲ್ಲಿ ಅಮಾತ್ಯ ರಾಕ್ಷಸನಂಥ ಮೇಧಾವಿ ಸೋತದ್ದು ಯಾವುದರಿಂದ? ಒಂದು ಉಂಗುರದಿಂದ. ಗೆಳೆಯನ ಮನೆಯಲ್ಲಿ ಅಡಗಿದ್ದ ಅವನ ಹೆಂಡತಿ, ಹೊರಗೆ ಓಡಿದ ಮಗುವನ್ನು ಹಿಡಿದೆಳೆದುಕೊಳ್ಳುವಾಗ ಬೆರಳಿನ ಮುದ್ರೆಯುಂಗುರ ಜಾರಿ ಹೊಸ್ತಿಲಾಚೆ ಉರುಳಿತು. ಅಲ್ಲಿ ನಿಂತು ಯಮಪಟ ತೋರಿಸಿ ಹಾಡುತ್ತಿದ್ದವನು ಚಾಣಕ್ಯನ ಬೇಹುಗಾರ. ಉಂಗುರ ಚಾಣಕ್ಯನ ಕೈಸೇರಿತು. ರಾಕ್ಷಸನ ಲಿಪಿಕಾರನಿಂದಲೇ ಬೇರೆ ನೆಪ ಹೇಳಿ ಒಂದು ಕಾಗದ ಬರೆಯಿಸಿ ಅದರ ಮೇಲೆ ಆ ಮುದ್ರೆಯೊತ್ತಿದ್ದಾಯಿತು. ರಾಕ್ಷಸನ ಕಡೆಯವರೇ ರಾಕ್ಷಸನನ್ನು ದ್ರೋಹಿಯೆಂದು ನಂಬಿದರು. ಅಕ್ಷರ ಅವನ ಲಿಪಿಕಾರನದು, ಮುದ್ರೆ ಅವನದು, ಇನ್ನೇನು ಬೇಕು?

ಈ ಭಾಗವನ್ನು ನಾನು ತರಗತಿಯಲ್ಲಿ ಉತ್ಸಾಹದಿಂದಲೇ ಹೇಳುತ್ತಿದ್ದೆ. ಎರಡು ವರ್ಷದ ಕೆಳಗೆ ಆ ಉಂಗುರ ನನ್ನ ಬೆರಳಿನಿಂದಲೇ ಜಾರಿತು.

ನಾನು ಪಾಠ ಹೇಳುವ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೊನೆಯ ದಿನ ಹತ್ತಿರವಾಗಿತ್ತು. ಮಕ್ಕಳ ಹೆಸರು, ತಂದೆತಾಯಿಯರ ಹೆಸರು, ಆಧಾರ್ ಸಂಖ್ಯೆ, ಫೋನು, ಬ್ಯಾಂಕಿನ ಲೆಕ್ಕದ ಸಂಖ್ಯೆ, ಎಲ್ಲವನ್ನೂ ಒಂದು ಪಟ್ಟಿ ಮಾಡಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ ಎಂದು ವಾಟ್ಸ್ಯಾಪಿನ ಗುಂಪಿಗೆ ಹಾಕಿಬಿಟ್ಟೆ. ಇನ್ನೂರಕ್ಕೂ ಮಿಕ್ಕಿ ಜನರಿದ್ದ ಗುಂಪು. ಅವರಲ್ಲಿ ಹಿಂದಿನ ವರ್ಷ ಓದು ಮುಗಿಸಿ ಹೋದವರೂ ಇದ್ದರು. ಕೆಲಸ ಬೇಗ ಮುಗಿಯಿತು. ಎಲ್ಲರೂ ಮೆಚ್ಚಿದರು.

ಮೂರು ವಾರದ ಮೇಲೆ ಒಬ್ಬ ಹುಡುಗಿಯ ತಾಯಿ ಬಂದರು. ತೆರಕಣಾಂಬಿಯ ಕಡೆಯವರು, ಚೆಂಡುಹೂ ಬೆಳೆದು ಮಾರುವ ಸಂಸಾರ. ಯಾರೋ ಫೋನು ಮಾಡಿ, ಮಗಳ ಹೆಸರು, ತರಗತಿ, ಬ್ಯಾಂಕಿನ ಹೆಸರು ಹೇಳಿ, ವಿದ್ಯಾರ್ಥಿವೇತನ ಬಂದು ನಿಂತಿದೆ, ಈಗ ನಿಮ್ಮ ಫೋನಿಗೆ ಬರುವ ಆರಂಕಿಯನ್ನು ಹೇಳಿ ಎಂದರಂತೆ. ಹೇಳಿದರು. ಹನ್ನೊಂದು ಸಾವಿರದ ನಾನೂರು ರೂಪಾಯಿ ಹೋಯಿತು. "ಎಲ್ಲಾನೂ ಸರ್ಯಾಗೇ ಹೇಳುದ್ರು ಕನ ಸಾ. ನಮ್ಮ ಯಜಮಾನ್ರ ಹೆಸರೂ ಹೇಳುದ್ರು. ಕಾಲೇಜ್ನೋರೇ ಅಂದ್ಕಂಡಿ" ಎಂದರು.

ಆ ಆರಂಕಿಗೆ ಓಟಿಪಿಯೆಂದು ಹೆಸರು. ಒಂದೇ ಸಲ ಒತ್ತಿ ಅಳಿಸಿಹೋಗುವ ಮುದ್ರೆ. ಲೆಕ್ಕದ ಸಂಖ್ಯೆಯೂ ಹೆಸರೂ ಗೊತ್ತಿದ್ದ ಮಾತ್ರಕ್ಕೆ ಕಳ್ಳನು ಹಣ ತೆಗೆಯಲಾರ, ಮುದ್ರೆ ಬೇಕು. ಮುದ್ರೆಯನ್ನು ಕೊಡಿಸಿಕೊಳ್ಳಬೇಕಾದರೆ ನಂಬಿಕೆ ಹುಟ್ಟಬೇಕು. ನಂಬಿಕೆ ಹುಟ್ಟಿಸುವುದು ಮಿಕ್ಕ ವಿವರಗಳು. ಪೊಲೀಸಿನವರೆಂದು ಹೇಳಿಕೊಂಡು ಫೋನಿನಲ್ಲೇ ಜನರನ್ನು ಬಂಧಿಸುವ 'ಡಿಜಿಟಲ್ ಅರೆಸ್ಟ್' ಎಂಬ ಮೋಸವೂ ಇದೇ ಜಾತಿಯದು. ಹಾಗೆ ಬಂಧಿಸುವ ಕ್ರಮ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಆದರೆ ನಿಮ್ಮ ಮನೆಯ ವಿಳಾಸವನ್ನು ತಪ್ಪಿಲ್ಲದೆ ಹೇಳುವವನ ಮಾತನ್ನು ಮೊದಲ ಐದು ನಿಮಿಷ ಯಾರು ನಂಬದಿರುತ್ತಾರೆ? ಓದಿದವರೇ ಹೆಚ್ಚಾಗಿ ನಂಬುತ್ತಾರೆಂದು ನನ್ನ ಅನುಭವ. ನಮಗೆ ಕಾಗದಪತ್ರದ ಭಯ ಜಾಸ್ತಿ.

ಆ ತಾಯಿ ಬಂದದ್ದು ಹಣ ಹೋದ ಮೂರನೆಯ ದಿನ. ೧೯೩೦ಕ್ಕೆ ಕೂಡಲೇ ಫೋನು ಮಾಡಿದ್ದರೆ ಹಣವನ್ನು ದಾರಿಯಲ್ಲಿ ತಡೆಯುವ ಸಾಧ್ಯತೆ ಇರುತ್ತದೆ. ಆ ಸಂಖ್ಯೆ ಅವರಿಗೆ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಆಗ ನನಗೂ ನೆನಪಿರಲಿಲ್ಲ. ದೂರು ಕೊಟ್ಟೆವು. ಅವರು ನನ್ನನ್ನು ದೂರಲಿಲ್ಲ. ಪಟ್ಟಿಯ ವಿಷಯವೇ ಅವರಿಗೆ ತಿಳಿಯದು. ವಿವರ ಸೋರಿದ್ದು ನನ್ನ ಪಟ್ಟಿಯಿಂದಲೇ ಎಂದು ಯಾರೂ ಸಾಧಿಸಲಾರರು. ಅರ್ಜಿ ತುಂಬಿಸಿಕೊಟ್ಟ ಅಂಗಡಿಯಿಂದ ಹೋಗಿರಬಹುದು, ಜೆರಾಕ್ಸ್ ಮಾಡಿ ಬಿಸಾಡಿದ ಹಾಳೆಯಿಂದ ಹೋಗಿರಬಹುದು. ಹೀಗೆಲ್ಲ ನನಗೆ ನಾನೇ ವಕೀಲನಾಗಿ ವಾದಿಸಿಕೊಂಡೆ. ಆದರೆ ಕಳ್ಳನು ಹೇಳಿದ ವಿವರಗಳು ನನ್ನ ಪಟ್ಟಿಯ ಕಲಮುಗಳ ಕ್ರಮದಲ್ಲೇ ಇದ್ದವು.

ಆಮೇಲೆಯೇ ನಾನು ಈ ವಿಷಯದ ಕಾನೂನನ್ನು ಓದಲು ಕುಳಿತದ್ದು. ಅದರಲ್ಲೂ ಮೈಸೂರು ಸೀಮೆಯವರೇ ಎದುರಾದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು, ತಮ್ಮ ೮೬ನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಪಾರ್ಲಿಮೆಂಟಿನ ಕಾಯಿದೆಯಿಲ್ಲದೆ ಜನರ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಕೂಡಿಡುವುದು ಸರಿಯೇ ಎಂದು ಪ್ರಶ್ನೆ. ಖಾಸಗಿತನವೆಂಬ ಮೂಲಭೂತ ಹಕ್ಕೇ ನಮ್ಮ ಸಂವಿಧಾನದಲ್ಲಿಲ್ಲ ಎಂದು ಸರಕಾರದ ಉತ್ತರ. ಅದಕ್ಕೆ ಹಳೆಯ ತೀರ್ಪುಗಳ ಆಧಾರವೂ ಇತ್ತು. ಒಂದು ೧೯೫೪ರದು. ಇನ್ನೊಂದು ೧೯೬೨ರ ಖಡಕ್ ಸಿಂಗನ ಮೊಕದ್ದಮೆ: ದರೋಡೆಯ ಆರೋಪ ರುಜುವಾತಾಗದೆ ಬಿಡುಗಡೆಯಾದವನ ಮನೆಬಾಗಿಲನ್ನು ಉತ್ತರ ಪ್ರದೇಶದ ಪೊಲೀಸರು ನಡುರಾತ್ರಿ ತಟ್ಟಿ ಅವನಿದ್ದಾನೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ರಾತ್ರಿ ಬಾಗಿಲು ತಟ್ಟಕೂಡದೆಂದು ನ್ಯಾಯಾಲಯ ಹೇಳಿತು. ಖಾಸಗಿತನ ಹಕ್ಕಲ್ಲವೆಂದೂ ಹೇಳಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಆ ಮಾತನ್ನು ತೆಗೆದುಹಾಕಿ, ಅದು ಹಕ್ಕೇ ಎಂದು ತೀರ್ಪಿತ್ತರು. ಮರುವರ್ಷ ಆಧಾರ್ ಯೋಜನೆಯನ್ನು ಐವರ ಪೀಠ ಬಹುಮತದಿಂದ ಎತ್ತಿಹಿಡಿಯಿತು, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ಕಡಿವಾಣ ಹಾಕಿತು. ಅರ್ಧ ಗೆಲುವು ಎನ್ನಬೇಕು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ೯೮ ವರ್ಷದವರಾಗಿ ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ ಕೊನೆಗೂ ೨೦೨೩ರಲ್ಲಿ ದತ್ತಾಂಶ ಸಂರಕ್ಷಣೆಯ ಕಾಯಿದೆ ಬಂತು. ಜನರ ವಿವರವನ್ನು ಇಟ್ಟುಕೊಂಡ ಸಂಸ್ಥೆ ಅದನ್ನು ಕಾಯುವಷ್ಟು ಎಚ್ಚರ ವಹಿಸದಿದ್ದರೆ ೨೫೦ ಕೋಟಿ ರೂಪಾಯಿಯವರೆಗೂ ದಂಡ ಬೀಳಬಹುದು. ವಿವರ ಸೋರಿದರೆ ಅದು ಯಾರದೋ ಅವರಿಗೆ ತಿಳಿಸಲೇಬೇಕು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ವಾಯಿದೆ ಕೊಟ್ಟಿದ್ದಾರೆ. ಓದುತ್ತ ಹೋದಂತೆ ಇನ್ನೊಂದು ಕಲಮು ಕಣ್ಣಿಗೆ ಬಿತ್ತು: ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ಸರಕಾರವು ತನ್ನ ಯಾವುದೇ ಅಂಗಕ್ಕೆ ಈ ಕಾಯಿದೆಯಿಂದ ವಿನಾಯಿತಿ ಕೊಡಬಹುದು. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಂಗಳದ ದಾರಿಯನ್ನು ನೆನೆದುಕೊಂಡೆ. ಕಾವಲಿನಲ್ಲಿ ಬೆಳೆದ ಅರಸು ಬೇಹಿನ ಚಾವಡಿ ಕಟ್ಟಿದ್ದು ನನಗೆ ಆಶ್ಚರ್ಯವಲ್ಲ; ತನ್ನನ್ನು ಇತರರು ಕಾದ ಹಾಗೆ ತಾನು ಇತರರನ್ನು ಕಾಯುವುದೇ ರಾಜ್ಯಭಾರವೆಂದು ತಿಳಿದಿರಬಹುದು.

ಕಾಲೇಜಿನ ಗುಂಪಿನಲ್ಲಿ ಆ ಪಟ್ಟಿಯನ್ನು ಅಳಿಸಿಬಿಡಿ ಎಂದು ಎಲ್ಲರಿಗೂ ಬರೆದೆ. ಮೂವರು 'ಅಳಿಸಿದೆ' ಎಂದು ಉತ್ತರ ಕೊಟ್ಟರು. ಹುಡುಗಿಯ ತಾಯಿಗೆ ಪಟ್ಟಿಯ ವಿಷಯ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ಅವರು ಕೇಳಿಸಿಕೊಂಡು, "ಬುಡಿ ಸಾ, ನೀವೇನ್ ಬೇಕು ಅಂತ ಮಾಡುದ್ರಾ" ಎಂದರು. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ.

ಈ ವರ್ಷ ಅವರ ಮಗನೂ ನಮ್ಮಲ್ಲಿಗೇ ಸೇರಿದ. ಅರ್ಜಿಯ ದಿನ ಆಕೆಯೇ ಬಂದು, ಸೆರಗಿನಲ್ಲಿ ಸುತ್ತಿಕೊಂಡಿದ್ದ ಪಾಸುಬುಕ್ಕಿನ ನಕಲನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದು ನಿಂತರು.

"ಇದು ಎಲ್ಗೋಯ್ತದೆ ಸಾ?"

ನಾನು ಎದ್ದು, ಅವರೆದುರಿಗೇ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವರು ಬೀಗವನ್ನು ನೋಡಿದರು.

"ಇದ್ಕೆ ಬೀಗದ ಕೈ ಎಷ್ಟವೆ?"

"ಎರಡು."

"ಇನ್ನೊಂದು ಯಾರ್ತಾವ ಅದೆ?"

ಆಫೀಸಿನಲ್ಲಿ ಇರಬೇಕು ಎಂದೆ. ಅವರು ಹೋದ ಮೇಲೆ ಹುಡುಕಿಸಿದೆ. ಸಿಕ್ಕಲು ಎರಡು ದಿನ ಹಿಡಿಯಿತು.